ಕೊನೆಯ ಸಾಲಿನವರೆಗೂ ಓದಿದವರಿಗೆ

ಕಳೆದ ಸೋಮವಾರ ಹಳೇ ಹುಬ್ಬಳ್ಳಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆ. ಒಂದೇ ಕಿಟಕಿ, ಅಂಗಳದಲ್ಲಿ ನಲ್ಲಿ. ಮುಂಗಡದ ಹಣವನ್ನೆಲ್ಲ ಪತ್ರಿಕೆ ಮಾರಿಯೇ ಕೂಡಿಸಿದೆ. ಆ ಪತ್ರಿಕೆಯನ್ನು ಕೊಂಡವರು ನೀವು. ಅದಕ್ಕಾಗಿ ಈ ನಾಲ್ಕು ಮಾತು.

ನನ್ನ ಊರು ಗದಗ. ಮುದ್ರಣ ಕಾಶಿ ಎಂದು ಹೆಸರಾದ ಊರಿನಲ್ಲಿ ಹದಿನೇಳನೆಯ ವಯಸ್ಸಿಗೆ ಮೊಳೆ ಜೋಡಿಸಲು ಕುಳಿತವನು. ಸೀಸದ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುವುದು ನನಗೆ ಇಂದಿಗೂ ಸಲೀಸು. ಲಗ್ನಪತ್ರಿಕೆ, ನಾಟಕ ಕಂಪನಿಗಳ ಕರಪತ್ರ, ಪಂಚಾಂಗ, ಎಲ್ಲಕ್ಕೂ ಈ ಬೆರಳುಗಳ ಮಸಿ ತಾಗಿದೆ. ಕಂಪ್ಯೂಟರ್ ಬಂದ ಮೇಲೆ ಕರಡು ತಿದ್ದುತ್ತಿದ್ದೆ. ಆಮೇಲೆ ಅದೂ ಹೋಯಿತು. ಹೆಂಡತಿಯ ಕಾಯಿಲೆ, ಸಾಲ, ಅವಳ ಸಾವು: ಆ ವರ್ಷಗಳನ್ನು ಇಲ್ಲಿ ಬಿಡಿಸಿ ಬರೆಯಲಾರೆ. ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗೆ ಹನ್ನೊಂದು ತಿಂಗಳು ಮಲಗಿದೆ. ಊಟಕ್ಕೆ ಸಿದ್ಧಾರೂಢ ಮಠದ ದಾಸೋಹವಿತ್ತು. ಆ ಪಂಕ್ತಿಯಲ್ಲಿ ಯಾರೂ ನನ್ನ ಹೆಸರು ಕುಲ ಕೇಳಲಿಲ್ಲ. ಮೊದಲ ಶರಣು ಅಲ್ಲಿಗೆ.

ವಸತಿರಹಿತರ ಆಶ್ರಯ ಕೇಂದ್ರಕ್ಕೆ ಸೇರಿದ ಮೇಲೆ, ಭಾನುವಾರಗಳಲ್ಲಿ ಅಲ್ಲಿಗೆ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಪತ್ರಿಕೆಯ ಮಾತು ತೆಗೆದಳು. ಲಂಡನ್ನಿನಲ್ಲಿ 1991ರಿಂದ ‘ದಿ ಬಿಗ್ ಇಶ್ಯೂ’ ಎಂಬ ಪತ್ರಿಕೆಯನ್ನು ಮನೆಯಿಲ್ಲದವರೇ ಬೀದಿಯಲ್ಲಿ ನಿಂತು ಮಾರುತ್ತಾರೆ, ಅರ್ಧ ಬೆಲೆಗೆ ಕೊಂಡು ಪೂರ್ತಿ ಬೆಲೆಗೆ ಮಾರುತ್ತಾರೆ, ಉಳಿದದ್ದು ಅವರದೇ ದುಡಿಮೆ ಎಂದಳು. ಅದನ್ನು ಕಟ್ಟಿದ ಇಬ್ಬರಲ್ಲಿ ಜಾನ್ ಬರ್ಡ್ ಎಂಬವರು ಸ್ವತಃ ಬೀದಿಯಲ್ಲಿ ಮಲಗಿದವರಂತೆ. ದೆಹಲಿಯಲ್ಲಿ ಬೀದಿ ಮಕ್ಕಳೇ ಸುದ್ದಿ ಬರೆಯುವ ‘ಬಾಲಕನಾಮಾ’ 2003ರಿಂದ ಇದೆ ಎಂದೂ ಹೇಳಿದಳು. ಮಕ್ಕಳು ಮಾಡಿದ್ದನ್ನು ನಾವು ಮಾಡಲಾರೆವೇ ಎಂದು ನನಗೆ ಅನ್ನಿಸಿತು. ಅವಳೂ ಅವಳ ಗೆಳತಿಯರೂ ಅಚ್ಚಿನ ಖರ್ಚಿಗೆ ಹಣ ಹೊಂದಿಸಿದರು. ಎಂಟು ಪುಟದ ತಿಂಗಳ ಪತ್ರಿಕೆ, ಬೆಲೆ ಹತ್ತು ರೂಪಾಯಿ, ನಮಗೆ ಐದಕ್ಕೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ತಂಗೀ, ಕೈಯಲ್ಲಿ ಮತ್ತೆ ಕೆಂಪು ಪೆನ್ನು ಹಿಡಿದ ಆ ಸಂಜೆಯನ್ನು ನಾನು ಮರೆಯುವುದಿಲ್ಲ.

ಹಳೇ ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯ ಅಕ್ಕ ನನ್ನ ಪತ್ರಿಕೆಯ ಕಟ್ಟನ್ನು ಸಕ್ಕರೆ ಚೀಲದ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ತಮ್ಮ ತಲೆಯ ಮೇಲಿನ ತಾಡಪತ್ರಿ ಸೋರುತ್ತಿದ್ದರೂ ಕಟ್ಟಿನ ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಅವರಿಗೆ ಓದು ಬಾರದು. ಗಿರಾಕಿ ಕಡಿಮೆಯಾದಾಗ “ಮೊದಲ ಪುಟ ಓದಿರಿ ಕಾಕಾ” ಎನ್ನುವರು, ನಾನು ಓದುವೆ. ಬೇಸಿಗೆಯ ಸಂಚಿಕೆಯಲ್ಲಿ ನಮ್ಮ ಪೈಕಿಯ ಹೆಣ್ಣುಮಗಳೊಬ್ಬಳು ರಾತ್ರಿ ಶೌಚಕ್ಕೆ ಹೋಗುವ ಕಷ್ಟದ ಬಗ್ಗೆ ಬರೆದಿದ್ದಳು. ಅದನ್ನು ಕೇಳಿ ಅಕ್ಕ ಸೌಟನ್ನು ಕೆಳಗಿಟ್ಟು ಸುಮ್ಮನೆ ನಿಂತರು. ಮರುದಿನದಿಂದ ಆಕೆಗೆ ಅಂಗಡಿಯ ಹಿಂದಿನ ತಮ್ಮ ಮನೆಯ ಬಾಗಿಲು ತೆರೆದಿತ್ತು.

ಚೆನ್ನಮ್ಮ ವೃತ್ತದಲ್ಲಿ ಪತ್ರಿಕೆ ಕೊಂಡ ಬಸ್ ಕಂಡಕ್ಟರೊಬ್ಬರಿಗೆ ನಾನು ವಿಶೇಷವಾಗಿ ಋಣಿ. ಮೂರನೆಯ ಸಂಚಿಕೆಯಲ್ಲಿ ನಾನೇ ಬರೆದ ಲೇಖನವಿತ್ತು. ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿಯೂ ತೆರೆದಿರುವ ಆಶ್ರಯ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ಅವಳಿ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿತ್ತು. ಹಾಗಾದರೆ ಎಷ್ಟು ಕೇಂದ್ರಗಳಿರಬೇಕು, ಎಷ್ಟಿವೆ ಎಂದು ಕೇಳಿದ್ದೆ. ಮೂರು ದಿನ ಬಿಟ್ಟು ಕಂಡಕ್ಟರ್ ಬಂದರು. ಪತ್ರಿಕೆ ಟಿಕೆಟ್ ಚೀಲದಲ್ಲಿ ನಾಲ್ಕು ಮಡಿಕೆಯಾಗಿತ್ತು. ಲೇಖನದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಕಾಕಾ, ಇಲ್ಲಿ ‘ವಸತಿರಹಿತ’ ಇರಬೇಕಲ್ಲವೇ? ‘ವಸತಿಸಹಿತ’ ಎಂದು ಅಚ್ಚಾಗಿದೆ” ಎಂದರು. ಒಂದು ಅಕ್ಷರ ನನ್ನ ಕಣ್ಣು ತಪ್ಪಿಸಿ ಹೋಗಿತ್ತು. ನನಗೆ ಆಗ ಆದದ್ದು ನಾಚಿಕೆಯಲ್ಲ. ಈ ಮನುಷ್ಯ ಕನಿಕರಕ್ಕೆ ಕೊಂಡಿಲ್ಲ, ಕೊನೆಯ ಸಾಲಿನವರೆಗೂ ಓದಿದ್ದಾರೆ ಎಂದು ಗಂಟಲು ಕಟ್ಟಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ ಅವರಿಗೆ ಮೊದಲು ತೋರಿಸಿದೆ.

ಇಲ್ಲೊಂದು ಬೇಡಿಕೆ ಇಡುತ್ತೇನೆ, ತಪ್ಪು ತಿಳಿಯಬೇಡಿ. ಹತ್ತು ರೂಪಾಯಿ ಕೊಟ್ಟು “ಪತ್ರಿಕೆ ನೀವೇ ಇಟ್ಟುಕೊಳ್ಳಿ, ಯಜಮಾನರೇ” ಎನ್ನುವವರಿದ್ದಾರೆ. ಅವರ ಮನಸ್ಸು ದೊಡ್ಡದೇ. ಆದರೆ ಆ ಕ್ಷಣದಲ್ಲಿ ನನ್ನ ಕೈ ಬೇಡುವ ಕೈಯಾಗಿಬಿಡುತ್ತದೆ. ನಿಲ್ದಾಣದ ಹೊರಗೆ ಮಲಗಿದ್ದಾಗ ನಾಣ್ಯ ಹಾಕಿದವರು ಬಹಳ ಮಂದಿ, ಮುಖ ನೋಡಿದವರು ಕಡಿಮೆ. ಪತ್ರಿಕೆ ಹಿಡಿದು ನಿಂತ ಮೇಲೆ “ಈ ತಿಂಗಳು ಏನಿದೆ?” ಎಂದು ಕೇಳಲು ಜನ ನಿಲ್ಲುತ್ತಾರೆ. ದಯವಿಟ್ಟು ಪತ್ರಿಕೆ ತೆಗೆದುಕೊಳ್ಳಿ. ಇಷ್ಟವಾಗದಿದ್ದರೆ ಬೈಯಿರಿ, ಅದನ್ನೂ ಕೇಳುತ್ತೇನೆ. ನಮ್ಮಲ್ಲಿ ಇನ್ನೂ ಆರು ಜನ ಧಾರವಾಡದ ಕಡೆಗೂ ಮಾರುತ್ತಾರೆ, ಅವರಿಗೂ ಇದೇ ಮಾತು.

ಖೋಲಿಯ ಕರಾರಿಗೆ ಸಾಕ್ಷಿ ಹಾಕಿದ ಹಿರಿಯರಿಗೆ, ಆಧಾರ್ ವಿಳಾಸ ಬದಲಿಸಲು ಅರ್ಧ ದಿನ ನನ್ನೊಂದಿಗೆ ಸಾಲಿನಲ್ಲಿ ನಿಂತ ತಮ್ಮನಿಗೆ, ಕಂಬಳಿ ಕೊಟ್ಟ ತಾಯಿಗೆ ಕೈಮುಗಿಯುತ್ತೇನೆ.

ಈ ವಾರ ಗೋಡೆಗೆ ಸುಣ್ಣ ಬಳಿಯುತ್ತಿರುವುದರಿಂದ ಎರಡು ದಿನ ವೃತ್ತದಲ್ಲಿ ಕಾಣಿಸಲಿಲ್ಲ. ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಸ ಸಂಚಿಕೆಯೊಂದಿಗೆ ಅದೇ ಜಾಗದಲ್ಲಿ ಇರುತ್ತೇನೆ.