ಏಪ್ರಿಲ್ 1ರಿಂದ ಸಕ್ಕಿಂಗ್ ಗಾಡಿಯ ಹೊಸ ದರ, ಮಳೆಗಾಲದ ಹೊಸ ಕ್ರಮ

ನಮ್ಮ ಗ್ರಾಹಕರೆಲ್ಲರಿಗೂ ನಮಸ್ಕಾರ.

ಏಪ್ರಿಲ್ 1ರಿಂದ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ನಮ್ಮ ಗಾಡಿಯ ಒಂದು ಲೋಡಿನ ದರ 2,500 ರೂಪಾಯಿಯಿಂದ 3,600ಕ್ಕೆ ಏರುತ್ತದೆ. ತೆಗೆದ ರಾಡಿಯನ್ನು ಇನ್ನು ಯಾರ ತೋಟಕ್ಕೂ ಬಿಡುವುದಿಲ್ಲ, ಎಲ್ಲವೂ ಪಟ್ಟಣದ ಸಂಸ್ಕರಣಾ ಘಟಕಕ್ಕೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಾಯಿಖಾನೆಯಲ್ಲಿ ನೀರು ಮೇಲಕ್ಕೆ ಉಕ್ಕುವ ಮನೆ ಬಿಟ್ಟು ಬೇರೆಲ್ಲಿಗೂ ಗಾಡಿ ಬರುವುದಿಲ್ಲ. ಒಮ್ಮೆಲೇ ಇಷ್ಟೆಲ್ಲ ಹೇರಿದ್ದಕ್ಕೆ ಕ್ಷಮೆ ಇರಲಿ. ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸಿ, ಕೊನೆಗೆ "ನೀವೂ ಲೂಟಿಗೆ ಇಳಿದ್ರಿ" ಅನ್ನಿಸಿಕೊಳ್ಳುವುದಕ್ಕಿಂತ ಬರೆದುಬಿಡುವುದೇ ವಾಸಿ ಅನ್ನಿಸಿತು.

ಲೂಟಿಯ ಲೆಕ್ಕವೇ ಮೊದಲು. ಪೇಟೆಯಲ್ಲಿ ಇದಕ್ಕಿಂತ ಕಡಿಮೆಗೆ ಮಾಡುತ್ತಾರಂತೆ. ಮಾಡುತ್ತಾರೆ, ಪೇಟೆಯ ಮನೆ ರಸ್ತೆಗೇ ತಾಗಿಕೊಂಡಿರುತ್ತದಲ್ಲ! ಮಲೆನಾಡಿನ ಮನೆ ತೋಟದ ತಗ್ಗಿನಲ್ಲಿ, ಗಾಡಿ ನಿಲ್ಲುವುದು ಮೇಲಿನ ರಸ್ತೆಯಲ್ಲಿ. ಪೈಪಿಗೆ ಪೈಪು ಜೋಡಿಸಿ ಇಳಿಸಬೇಕು. ಪಂಪು ಓಡುವುದೂ ಗಾಡಿಯ ಇಂಜಿನ್ನಿನಿಂದಲೇ, ಹಾಗಾಗಿ ನಿಂತ ಗಾಡಿಗೂ ಡೀಸೆಲ್ ಬೇಕು. ತಗ್ಗು ಹೆಚ್ಚಿದಷ್ಟೂ ಎಳೆತ ನಿಧಾನ, ಖರ್ಚು ಜಾಸ್ತಿ. "ನಿಮ್ಮಲ್ಲಿಂದ ನಮ್ಮನೆಗೆ ಎಷ್ಟು ಕಿಲೋಮೀಟರ್ ಮಹಾ?" ಎಂದು ಕೇಳುವವರು ಈ ಡೀಸೆಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೈಪರು, ಪ್ಯಾಡು, ಬಟ್ಟೆಚೂರು ಸಿಕ್ಕಿಕೊಂಡು ಪೈಪು ಕಟ್ಟಿ, ಅರ್ಧ ದಿನ ಹಾಳಾದದ್ದನ್ನು ನಾವು ಯಾರ ಬಿಲ್ಲಿಗೂ ಹಾಕಿದವರಲ್ಲ. ಈಗ ಅದರ ಮೇಲೆ ಘಟಕದ ದಾರಿ, ಅಲ್ಲಿನ ಶುಲ್ಕ, ಸರದಿ ಕಾಯುವುದು. ಏರಿಸಿದ 1,100ರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

"ತೋಟಕ್ಕೇ ಬಿಡಿ, ಗೊಬ್ಬರವಾಗುತ್ತೆ" ಎನ್ನುವವರೂ ಇದ್ದಾರೆ. ಹಸಿ ರಾಡಿಯಲ್ಲಿ ಜಂತುಹುಳದ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತು ನಿಮ್ಮ ತೋಟದ ಕೆಳಗೆ ಇನ್ನೊಬ್ಬರ ಬಾವಿ ಇರುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಸಂಸ್ಕರಣಾ ಘಟಕ ಶುರುವಾಯಿತು. ಅಲ್ಲಿ ರಾಡಿಯನ್ನು ಒಣಗಿಸಿ, ಹಸಿ ಕಸದ ಜೊತೆ ಕೊಳೆಸಿದ ಮೇಲೆಯೇ ಅದು ಗೊಬ್ಬರ.

ಇನ್ನು, ನಾವು ಕೇಳಿ ಕೇಳಿ ಸಾಕಾದ ದೂರು: "ನೀವು ಖಾಲಿ ಮಾಡಿ ಹೋದ ವಾರಕ್ಕೇ ಮತ್ತೆ ತುಂಬಿದೆ, ಸರಿಯಾಗಿ ಎಳೆದಿಲ್ಲ."

ತುಂಬಲೇಬೇಕು ಸ್ವಾಮಿ. ಐದು ಜನರ ಮನೆಯಲ್ಲಿ ತಲೆಗೆ 80 ಲೀಟರ್ ಹಿಡಿದರೂ ದಿನಕ್ಕೆ 400 ಲೀಟರ್ ನೀರು ಒಳಗೆ ಹೋಗುತ್ತದೆ. 3,000 ಲೀಟರಿನ ಟ್ಯಾಂಕಿಗೆ ಎಂಟು ದಿನ ಸಾಕು. ಆಮೇಲೆ ಎಷ್ಟು ನೀರು ಬರುತ್ತದೋ ಅಷ್ಟೇ ನೀರು ಆಚೆ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿರುವಂತೆಯೇ ಕಟ್ಟುವುದು. ಗಟ್ಟಿ ತಳಕ್ಕೆ ಇಳಿಯುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಮುಚ್ಚಳ ತೆಗೆದು "ತುಂಬಿದೆ" ಎಂದರೆ ನೀವು ನೋಡಿದ್ದು ನೀರನ್ನು. ನೋಡಬೇಕಾದ್ದು ತಳದ ಕೆಸರನ್ನು. ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಪ್ಪು ಕಲೆ ಎಷ್ಟು ಎತ್ತರಕ್ಕಿದೆಯೋ ಅಷ್ಟು ಕೆಸರು. ಅದು ನೀರಿನ ಆಳದ ಮೂರರಲ್ಲೊಂದು ಭಾಗ ದಾಟಿದ್ದರೆ ಫೋನ್ ಮಾಡಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ನೋಡುವಾಗ ಬಗ್ಗಿ ಇಣುಕಬೇಡಿ, ಬೀಡಿ ಹಚ್ಚಬೇಡಿ.

ತಳದಲ್ಲಿ ಎರಡು ಇಂಚು ಬಿಡುವುದೂ ಕಳ್ಳಾಟವಲ್ಲ. ಮುಂದಿನ ಮಲ ಕರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಅದಕ್ಕೆ ಬೆಲ್ಲ, ಸೆಗಣಿ, ಈಸ್ಟ್ ಪುಡಿ ಏನೂ ಬೇಕಿಲ್ಲ. ಬಾಟಲಿಗಟ್ಟಲೆ ಆಸಿಡ್ ಸುರಿಯದಿದ್ದರೆ ಸಾಕು.

ನಿಜವಾಗಿಯೂ ನೀರು ಇಳಿಯುತ್ತಿಲ್ಲವೆಂದರೆ ಹೆಚ್ಚಾಗಿ ಕೆಟ್ಟಿರುವುದು ಇಂಗುಗುಂಡಿ. ಹಿಂದೆ ಬಚ್ಚಲ ನೀರು ಬಾಳೆಬುಡಕ್ಕೆ ಹೋಗುತ್ತಿತ್ತು, ಈಗ ವಾಷಿಂಗ್ ಮೆಷಿನ್ ನೀರೂ ಟ್ಯಾಂಕಿಗೇ. ಅದನ್ನು ಬೇರೆ ಮಾಡಿ ನೋಡಿ, ನಮ್ಮ ಗಾಡಿಯ ಖರ್ಚೇ ಉಳಿದೀತು. (ಇದನ್ನು ಹೇಳಿ ನಮಗೆ ಲಾಭವೇನೂ ಇಲ್ಲ.)

ಮಳೆಗಾಲದ್ದು ಬೇರೆಯೇ ಕಥೆ. ಜಂಬಿಟ್ಟಿಗೆ ನೆಲ ನೀರು ಕುಡಿದು ತುಂಬಿರುವಾಗ ಇಂಗುಗುಂಡಿ ಹೇಗೆ ಎಳೆದೀತು? ಹಲವು ಮನೆಯ "ಟ್ಯಾಂಕಿ"ಗೆ ತಳವೇ ಇಲ್ಲ, ಬರೀ ಕಲ್ಲು ಕಟ್ಟಿದ ಗುಂಡಿ. ಸಂಜೆ ಖಾಲಿ ಮಾಡಿದರೆ ಬೆಳಿಗ್ಗೆಗೆ ಒರತೆ ನೀರು ತುಂಬಿರುತ್ತದೆ. ಪ್ಲಾಸ್ಟಿಕ್ ಟ್ಯಾಂಕನ್ನು ಖಾಲಿ ಮಾಡಿದರೆ ಕೆಳಗಿನ ನೀರಿಗೆ ಅದು ಮೇಲಕ್ಕೆದ್ದು ಪೈಪು ಮುರಿಯಬಹುದು. ಆ ಹಣ ನಮಗೆ ಬೇಡ.

"ನಿಮ್ಮ ಹುಡುಗನನ್ನು ಒಮ್ಮೆ ಇಳಿಸಿ, ಮೂಲೆ ಕೆರೆದು ಬಿಡಲಿ" ಎಂದು ಮಾತ್ರ ಕೇಳಬೇಡಿ, ಎಷ್ಟು ಕೊಟ್ಟರೂ ಇಳಿಸುವುದಿಲ್ಲ. ಒಳಗಿನ ವಿಷಗಾಳಿ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಇಳಿದವನು ಅಲ್ಲೇ ಕುಸಿಯುತ್ತಾನೆ. ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇರೆ ಯಾರನ್ನಾದರೂ ಕರೆದು ಇಳಿಸಿದರೆ ಆ ಅಪರಾಧ ನಿಮ್ಮ ತಲೆಗೂ ಬರುತ್ತದೆ.

ಮಾರ್ಚ್ 31ರೊಳಗೆ ಹೆಸರು ಬರೆಸಿದವರಿಗೆ, ಗಾಡಿ ಏಪ್ರಿಲ್‌ನಲ್ಲಿ ಬಂದರೂ ಹಳೇ ದರವೇ. ವಯಸ್ಸಾದವರಷ್ಟೇ ಇರುವ ಮನೆಯವರು ಕೋಲು ಇಳಿಸುವ ಗೋಜಿಗೆ ಹೋಗಬೇಡಿ. ಆ ಕಡೆ ಬಂದಾಗ ನಾವೇ ನೋಡಿ ಹೇಳುತ್ತೇವೆ, ಅದಕ್ಕೆ ದುಡ್ಡಿಲ್ಲ. ಗಾಡಿ ಬರುವ ಹಿಂದಿನ ದಿನವೇ ಮುಚ್ಚಳ ಎಲ್ಲಿದೆಯೆಂದು ಹುಡುಕಿ, ಮೇಲಿನ ಮಣ್ಣು ಸರಿಸಿಡಿ. ಚಪ್ಪಡಿ ಎತ್ತುವ ಕೆಲಸ ನಮಗೇ ಬಿಡಿ.

ಇಂತಿ,
ಗಾಡಿ ಮಾಲೀಕರು ಮತ್ತು ಹುಡುಗರು