ಅಪ್ಪಾರ ಖತಾವಣಿ, ಮಲ್ಲೂನ ಬಿ.ಕಾಂ.

ಡಲ್ಲಾಸ್, ರವಿವಾರ

ತೀರ್ಥರೂಪ ಅಪ್ಪಾರ ಪಾದಕ್ಕ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲೆ ಆರಾಮ ಅದೀನಿ. ಅವ್ವನ ಮಂಡಿನೋವು ಕಡಿಮಿ ಆಗೇತಿ ಅಂತ ಚಿಗವ್ವ ಹೇಳಿದಳು. ಖರೇನ, ಇಲ್ಲಾ ನನ್ನ ಸಮಾಧಾನಕ್ಕ ಹೇಳಿದಳೋ?

ಮೊನ್ನೆ ಫೋನಿನಾಗ ನೀವು, ತಮ್ಮ ಮಲ್ಲು ಇಬ್ಬರೂ ಒಮ್ಮೆಲೇ ಮಾತಾಡಿದ್ರಿ, ನನಗ ನಡುವ ಬಾಯಿ ಹಾಕಾಕ ಆಗಲಿಲ್ಲ. ಅವ ‘ಅಪ್ಪಾರದು ಡೆಬಿಟ್, ಕ್ರೆಡಿಟ್ ಎಲ್ಲಾ ಉಲ್ಟಾ’ ಅಂದ. ನೀವು ‘ಮಹಾಲಿಂಗಪುರ ಪೇಟೆಯೊಳಗ ಮೂವತ್ತು ವರ್ಷ ಖತಾವಣಿ ಬರದವಗ ಇವ ಕಲಸಾಕ ಬಂದಾನ’ ಅಂದ್ರಿ. ಅವ ಸಿಟ್ಟಿಲೆ ಬಿ.ಕಾಂ. ಬಿಟ್ಟು ಬಿ.ಎ.ಗೆ ಹೊಕ್ಕೀನಿ ಅಂದ. ಅವ ಬಿ.ಎ. ಮಾಡಿದ್ರ ನಂದೇನೂ ತಕರಾರಿಲ್ಲ. ಆದರ ಈ ಕಾರಣಕ್ಕ ಬಿಡೋದು ಬ್ಯಾಡ, ಯಾಕಂದ್ರ ನಿಮ್ಮಿಬ್ಬರ ಲೆಕ್ಕಾನೂ ಬರೋಬರಿ ಐತಿ.

ನಮ್ಮ ಖತಾವಣಿಯೊಳಗ, ಅಂದ್ರ ಖಾತೆವಾರು ಲೆಕ್ಕದ ಪುಸ್ತಕದಾಗ, ಎಡಕ್ಕ ಜಮಾ, ಬಲಕ್ಕ ಖರ್ಚು. ಬೆಲ್ಲ ಮಾರಿದ ರೈತರೊಬ್ಬರ ರೊಕ್ಕ ನಮ್ಮ ಅಡತಿ (ಕಮಿಷನ್) ಅಂಗಡ್ಯಾಗ ಉಳೀತು ಅಂದ್ರ ನೀವು ಅವರ ಖಾತೆಯ ಎಡಕ್ಕ ಜಮಾ ಹಿಡೀತೀರಿ. ಮಲ್ಲೂನ ಪುಸ್ತಕದಾಗ ಅದೇ ರೊಕ್ಕ ಬಲಕ್ಕ ಕ್ರೆಡಿಟ್ ಆಗಿ ಕುಂದರತೈತಿ. ಕಾಲೇಜಿನವರು ಕಲಸೋದು ಇಟಲಿಯ ವೆನಿಸ್ ವ್ಯಾಪಾರಸ್ಥರ ಪದ್ಧತಿ. ಅದನ್ನ ಲೂಕಾ ಪಚೋಲಿ ಅನ್ನೋ ಸನ್ಯಾಸಿ 1494ರಾಗ ಅಚ್ಚು ಹಾಕಿಸಿದ. ಅವ ಗಣಿತದ ಮಾಸ್ತರನೂ ಹೌದು. ನಿಮ್ಮದು ನಮ್ಮ ಪೇಟೆಯ ಹಳೇ ವಹಿಯ ಪದ್ಧತಿ. ಬಗಲು ಬದಲಾದ್ರ ಬಾಕಿ ಏನು ಬದಲಾಗಂಗಿಲ್ಲ. ಇಷ್ಟು ಮಾತು ಅವನ ಕಾಲೇಜಿನಾಗ ಯಾರರೆ ಮೊದಲ ವಾರಾನ ಹೇಳಿದ್ದರ ಮನ್ಯಾಗ ಜಗಳ ಇರತಿರಲಿಲ್ಲ.

ಬ್ಯಾಂಕಿನ ಮೆಸೇಜಿನ ವಿಷಯಕ್ಕೂ ಅವ ತಲಿ ಕೆಡಿಸ್ಕೊಂಡಾನ. ರೊಕ್ಕ ಬಂದ್ರ ಡೆಬಿಟ್ ಅಂತ ಪುಸ್ತಕ ಹೇಳತೈತಿ, ಬ್ಯಾಂಕಿನವರು ಮಾತ್ರ ‘ಕ್ರೆಡಿಟ್ ಆಗೇತಿ’ ಅಂತ ಕಳಸತಾರ. ಇಲ್ಲಿ ಹುಡುಗರೂ ಇದರಾಗ ಎಡವತಾರ, ಡೆಬಿಟ್ ಅಂದ್ರ ಕಾರ್ಡು ತಿಕ್ಕಿದಾಗ ರೊಕ್ಕ ಹೋಗೋದು ಅಂತನ ಅವರ ತಲ್ಯಾಗ ಇರತೈತಿ. ಮಲ್ಲೂಗ ಹೇಳ್ರಿ: ಆ ಮೆಸೇಜು ಬ್ಯಾಂಕಿನ ಖತಾವಣಿಯಿಂದ ಬಂದದ್ದು. ಅಲ್ಲೆ ನಾವು ರೊಕ್ಕ ಇಟ್ಟವರು, ಬ್ಯಾಂಕು ನಮಗ ಕೊಡಬೇಕಾದವರು. ನಮ್ಮ ಅಂಗಡ್ಯಾಗ ರೊಕ್ಕ ಬಿಟ್ಟು ಹೋದ ರೈತರ ಜಾಗಾದಾಗ ಅಲ್ಲೆ ನಾವು ಅದೀವಿ.

ನಾನು ಇಲ್ಲೆ ಓದೋದರ ಜೋಡಿ ಮೊದಲ ವರ್ಷದವರಿಗೆ ಅಕೌಂಟ್ಸ್ ಹೇಳಿಕೊಡೋ ಕೋಣ್ಯಾಗ ಕುಂದರತೀನಿ ಅಂತ ಹೇಳಿದ್ದೆನಲ್ಲ. ಬಿಸಿನೆಸ್ ಓದೋ ಹುಡುಗರು ಯಾವ ವಿಷಯ ಹಿಡಿದಿರಲಿ, ಜಾಹೀರಾತಿನವರಿರಲಿ, ಹೋಟೆಲಿನವರಿರಲಿ, ಎರಡು ಅಕೌಂಟಿಂಗ್ ಕೋರ್ಸ್ ಮುಗಿಸಾಕಬೇಕು. ಮೊದಲನೇದು ಹೊರಗಿನವರಿಗೆ ತೋರಸೋ ಲೆಕ್ಕ, ಅಂದ್ರ ಲಾಭ-ನಷ್ಟ, ಆಸ್ತಿ-ಸಾಲದ ತಖ್ತೆ. ಎರಡನೇದು ಮಾಲಕನ ಸ್ವಂತ ಉಪಯೋಗದ್ದು: ಒಂದು ಮಾಲು ತಯಾರ ಮಾಡಾಕ ಎಷ್ಟು ಬಿತ್ತು, ಎಷ್ಟು ಮಾರಿದ್ರ ಖರ್ಚು ಹೊಂಡತೈತಿ. ನಮ್ಮಲ್ಲೆ ಬಾಯಿಪಾಠ ಮಾಡಸೋ ಡೆಬಿಟ್-ಕ್ರೆಡಿಟ್ಟಿನ ಮೂರು ನಿಯಮ ಇವರಿಗೆ ಗೊತ್ತ ಇಲ್ಲ. ಆಸ್ತಿ ಅಂದ್ರ ಸಾಲ ಮತ್ತು ಮಾಲಕನ ಬಂಡವಾಳ ಕೂಡಿದ್ದು, ಎಲ್ಲಾ ಇದರಿಂದನ ಹುಟ್ಟಸತಾರ. ನನ್ನ ಕೇಳಿದ್ರ ಇದ ಚಲೋ. ಮೂರು ನಿಯಮದಿಂದ ಮಾರ್ಕ್ಸ್ ಲಗೂನ ಬರತಾವ, ‘ಯಾಕ’ ಅನ್ನೋದು ಮಾತ್ರ ಉಳೀತೈತಿ.

ಆದ್ರ ಇವರಿಗೆ ಉದರಿ, ಅಂದ್ರ ಮಾಲು ಈಗ, ರೊಕ್ಕ ಆಮ್ಯಾಲೆ ಅನ್ನೋದು ಕಂಡಿಲ್ಲ ನೋಡ್ರಿ. ಪಿಜ್ಜಾ ಅಂಗಡ್ಯಾಗ ಕೆಲಸ ಮಾಡೋ ಹುಡುಗ ಒಬ್ಬ ಬಂದು, ‘ಗಿರಾಕಿ ರೊಕ್ಕಾನ ಕೊಟ್ಟಿಲ್ಲ, ಅದನ್ನ ಆದಾಯ ಅಂತ ಹೆಂಗ ಬರೀಲಿ?’ ಅಂತ ವಾದಕ್ಕ ಬಿದ್ದ. ಅವನ ಅಂಗಡ್ಯಾಗ ರೊಕ್ಕ ಕೊಡದ ಪಿಜ್ಜಾ ಕೈಗೆ ಬರಂಗಿಲ್ಲ. ನಮ್ಮ ಮಲ್ಲು ಆರನೇತ್ತೆಯೊಳಗ ಇದ್ದಾಗನ ಉದರಿ ವಸೂಲಿಗೆ ಸೈಕಲ್ ಹೊಡದಾನ.

ಈಗ ಅಸಲ ಮಾತಿಗೆ ಬರತೀನಿ. ಮಲ್ಲೂಗ ‘ಕನ್ಸೈನ್‌ಮೆಂಟ್ ಅಕೌಂಟ್ಸ್’ ಅಂತ ಒಂದು ಪಾಠ ಬರತೈತಿ. ಕಳಸಿದವನ ಮಾಲು ಇನ್ನೊಬ್ಬ ಮಾರಿಕೊಟ್ಟು, ಮಾರಾಟದ ಲೆಕ್ಕದ ಪಟ್ಟಿ ಕಳಿಸಿ, ಕಮಿಷನ್ ತಗೊಳ್ಳೋದು. ಇದು ನಮ್ಮ ಅಡತಿ ಅಂಗಡಿನ ಅಲ್ಲೇನು! ಲೆಕ್ಕಕ್ಕ ಹಿಡೀರಿ, ರೈತರೊಬ್ಬರ 30 ಕ್ವಿಂಟಲ್ ಬೆಲ್ಲ ಕ್ವಿಂಟಲಿಗೆ 4,000ದಂಗ ಹೋತು, 1,20,000 ರೂಪಾಯಿ. ಖರೀದಿದಾರನ ಮ್ಯಾಲೆ ಅಡತಿ ನೂರಕ್ಕ ಎರಡು ಅಂತ ಇಟ್ಟುಕೊಂಡ್ರ 2,400. ಹಮಾಲಿ, ಸೆಸ್ಸು ಸದ್ಯಕ್ಕ ಬಿಡ್ರಿ. ಖರೀದಿದಾರನಿಂದ ಬರಬೇಕಾದ್ದು 1,22,400, ರೈತರಿಗೆ ಕೊಡಬೇಕಾದ್ದು 1,20,000, ನಮ್ಮ ಆದಾಯ 2,400 ಅಷ್ಟ. ಬೆಲ್ಲ ಒಂದು ಗಳಿಗಿನೂ ನಮ್ಮದಾಗಿರಲಿಲ್ಲ, ಅದಕ್ಕ 1,20,000 ನಮ್ಮ ವ್ಯಾಪಾರ ಅಂತ ಬರಿಯೋ ಹಂಗಿಲ್ಲ. ಇಷ್ಟನ್ನ ಮಲ್ಲು ಒಂದು ಖರೇ ಪಟ್ಟಿ ಮುಂದಿಟ್ಟುಕೊಂಡು ಬರದ್ರ ಆ ಪಾಠ ಅರ್ಧ ಮುಗದಂಗ.

ಉಳಿದರ್ಧ ನಿಮಗೂ ಉಪಯೋಗ ಐತಿ, ಬ್ಯಾಸರ ಮಾಡಕೋಬ್ಯಾಡ್ರಿ. ನೀವು ರೈತರಿಗೆ ಅವತ್ತ ರೊಕ್ಕ ಎಣಿಸಿ ಕೊಡತೀರಿ, ಖರೀದಿದಾರ ಕೊಡೋದು ವಾರಗಟ್ಟಲೆ ತಡಾ. ಅವ ಕೈ ಎತ್ತಿದ್ರ ಹಾನಿ ನಿಮ್ಮದು. ಪುಸ್ತಕದಾಗ ಇಂಥಾ ಜವಾಬ್ದಾರಿ ಹೊರೋ ಏಜಂಟಗ ಮಾಮೂಲಿ ಕಮಿಷನ್ ಮ್ಯಾಲೆ ಬ್ಯಾರೆ ಕಮಿಷನ್ ಇರತೈತಿ, ಅದಕ್ಕ ಡೆಲ್ ಕ್ರೆಡೆರೆ ಅಂತಾರ. ನೀವು ಆ ಜವಾಬ್ದಾರಿ ಪುಕ್ಕಟೆ ಹೊತ್ತೀರಿ. ಮ್ಯಾಲಿನ ಪಟ್ಟಿಯ ಖರೀದಿದಾರ ಮುಳುಗಿಸಿದಾ ಅನ್ರಿ, ಕೊಟ್ಟ 1,20,000 ತಿರುಗಿ ಗಳಸಾಕ ಅಂಥವ 50 ಪಟ್ಟಿ ಹರಿಬೇಕು. ಸಂಜಿಮುಂದ ಕೀರ್ದಿ, ಅಂದ್ರ ದಿನದ ಲೆಕ್ಕದ ಪುಸ್ತಕ, ಮುಚ್ಚಿ ಶಿಲ್ಕು ಕೂಡಿತು ಅಂದ್ರ ನೀವು ನಿಶ್ಚಿಂತಿ ಆಗತೀರಿ. ಪೆಟ್ಟಿಗ್ಯಾಗ ರೊಕ್ಕ ಎಷ್ಟೈತಿ ಅನ್ನೋದನ್ನ ಶಿಲ್ಕು ಹೇಳತೈತಿ, ಲಾಭ ಎಷ್ಟಾತು ಅಂತ ಹೇಳಂಗಿಲ್ಲ. ಬಾಕಿದಾರರ ಯಾದಿಯೊಳಗ ಯಾವುದು ತಿಂಗಳಿಂದ ನಿಂತದ್ದು, ಯಾವುದು ಆರು ತಿಂಗಳಿಂದ ನಿಂತದ್ದು ಅಂತ ಬ್ಯಾರೆ ಬ್ಯಾರೆ ಮಾಡಸ್ರಿ. ಈ ಕೆಲಸಾ ಮಲ್ಲೂಗ ಹಚ್ಚರಿ, ಅವಗ ಇದು ಎರಡನೇ ಸೆಮಿಸ್ಟರಿಗೂ ಬೇಕಾಗತೈತಿ.

ನಡುವ ಒಂದು ಮಾತು. ಮುತ್ಯಾನ ಕಾಲದಾಗ ದೀಪಾವಳಿ ಪಾಡ್ಯಾಕ್ಕ ಹಳೇ ವಹಿ ಮುಚ್ಚಿ ಹೊಸಾದು ತೆಗೀತಿದ್ರಲ್ಲ, 1989ರಿಂದ ಆದಾಯ ತೆರಿಗಿಗೆ ಎಲ್ಲಾರೂ ಮಾರ್ಚ್ 31ಕ್ಕ ಮುಚ್ಚಬೇಕು ಅಂತ ಆತು. ಪಾಡ್ಯಾದಾಗ ಪೂಜಿ ಮಾಡಿದ ಕೀರ್ದಿ ನಮ್ಮಲ್ಲೆ ಏಪ್ರಿಲ್‌ತನಕ ಖಾಲಿ ಕುಂದರತೈತಿ. ಮುತ್ಯಾನ ಪದ್ಧತಿ ಶಾಣ್ಯಾತನದ್ದು ಅಂತ ನನಗ ಇಲ್ಲೆ ಬಂದ ಮ್ಯಾಲೆ ಅನಿಸೇತಿ. ಕಬ್ಬಿನ ಹಂಗಾಮು ಜೋರ ಹಿಡಿಯೂಕಿಂತ ಮೊದಲ, ಗೋದಾಮು ಬರಿದಿದ್ದಾಗ ಲೆಕ್ಕ ಮುಚ್ಚೋದು ಹಗುರ. ವಾಲ್‌ಮಾರ್ಟ್‌ನವರೂ ಜನವರಿ 31ಕ್ಕ ವರ್ಷ ಮುಗಸತಾರ, ಕ್ರಿಸ್‌ಮಸ್ ಗದ್ದಲ ಮುಗದ ಮ್ಯಾಲೆ.

ಸಿ.ಎ. ವಿಷಯ ಈಗ ತೆಗೀಬ್ಯಾಡ್ರಿ, ಹುಡುಗ ಹೆದರತಾನ. ಬಿ.ಕಾಂ.ನಾಗ 55 ಪರ್ಸೆಂಟ್ ಬಂದ್ರ ಫೌಂಡೇಶನ್ ಪರೀಕ್ಷೆ ಇಲ್ಲದ ನೇರ ಇಂಟರ್‌ಮೀಡಿಯೇಟಿಗೆ ಹೆಸರು ಹಚ್ಚಬಹುದು, ಅವಸರ ಏನಿಲ್ಲ. ಪುಸ್ತಕಕ್ಕ ರೊಕ್ಕ ಹಾಕೋದೂ ಬ್ಯಾಡ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದವರ ಓಪನ್‌ಸ್ಟ್ಯಾಕ್ಸ್ ಅನ್ನೋ ವೆಬ್‌ಸೈಟ್ ಐತಲ್ಲ, ಅಕೌಂಟ್ಸ್ ಪುಸ್ತಕಾ ಅಲ್ಲೆ ಪುಕ್ಕಟೆ ಸಿಗತಾವ, ಇಂಗ್ಲಿಷಿನಾಗ. ಎಡಕ್ಕ ಡೆಬಿಟ್ ಅನ್ನೋದು ಅದರಾಗೂ ಹಂಗ ಐತಿ, ಅದಕ್ಕ ಜಗಳ ಮತ್ತ ತೆಗೀಬ್ಯಾಡ್ರಿ.

ಈ ವಾರ ಒಂದು ಪಟ್ಟಿಯ ಫೋಟೊ ತೆಗದು, ರೈತರ ಹೆಸರು ಮುಚ್ಚಿ, ಅದರ ಎಂಟ್ರಿ ತಾನ ಬರದು ಕಳಸಾಕ ಮಲ್ಲೂಗ ಹೇಳ್ರಿ. ನಿಮ್ಮ ಖತಾವಣಿಯೊಳಗ ಅದ ಪಟ್ಟಿ ಹೆಂಗ ಬಂದೈತಿ ಅನ್ನೋದರ ಫೋಟೊನೂ ಬೇಕು. ಮುಂದಿನ ರವಿವಾರ ರಾತ್ರಿ ನಿಮ್ಮ ಊಟ ಆದ ಮ್ಯಾಲೆ ಫೋನ್ ಮಾಡತೀನಿ, ಅಷ್ಟೊತ್ತಿಗೆ ಇಬ್ಬರೂ ಒಂದ ಕಡೆ ಕುಂತಿರ್ರಿ. ಅವ್ವಗ ಶೇಂಗಾ ಹಿಂಡಿ ಮುಗದೈತಿ ಅಂತ ಹೇಳ್ರಿ.

ಇಂತಿ ನಿಮ್ಮ ಮಗಳು,
ಸುಧಾ