ಕೆಲಸ ನಿನ್ನದು, ಸಹಿ ಯಾರದು?

ಡೊಂಬಿವಲಿ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಲ್ಲಿ ಅಕ್ಕ, ಭಾವ ಮತ್ತು ನೀನು ಕ್ಷೇಮವೆಂದು ನಂಬಿದ್ದೇನೆ.

ಪಿಯುಸಿ ಬಿಟ್ಟು ಬೆಂಗಳೂರಿಗೆ ಹೋಗಿ ವೈರಿಂಗ್ ಕೆಲಸಕ್ಕೆ ಸೇರುತ್ತೇನೆಂದು ನೀನು ಹಟ ಹಿಡಿದಿರುವುದನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಓದದೆ ಮುಂದೆ ಬರಲಾಗದೇ ಎಂದು ಅವಳನ್ನು ಕೇಳಿ, ಏಳನೇ ತರಗತಿಗೆ ಶಾಲೆ ಬಿಟ್ಟ ಮಾವ ಮುಂಬಯಿಯಲ್ಲಿ ಹೋಟೆಲು ನಡೆಸಲಿಲ್ಲವೇ ಎಂದು ನನ್ನನ್ನೇ ಸಾಕ್ಷಿಗೆ ಕರೆದೆಯಂತೆ. ಕರೆದ ಮೇಲೆ ಸಾಕ್ಷಿಯನ್ನು ಪೂರ್ತಿ ಕೇಳಬೇಕು, ಅದಕ್ಕಾಗಿ ಈ ಕಾಗದ.

1970ರಲ್ಲಿ, 13ನೇ ವಯಸ್ಸಿನಲ್ಲಿ, ನಾನು ಮುಂಬಯಿಗೆ ಬಂದೆ. ಬೆಳಗಿನ ಐದಕ್ಕೆ ಎದ್ದು ಕಪ್ಪು ಬಸಿ ತೊಳೆಯುವ ಹುಡುಗನಾಗಿ, ಆಮೇಲೆ ಸಪ್ಲೈಯರನಾಗಿ, ಕೊನೆಗೆ ಗಲ್ಲೆಯ ಮೇಲೆ ಕೂರುವವನಾಗಿ ಒಂಬತ್ತು ವರ್ಷ ದುಡಿದೆ. 1979ರಲ್ಲಿ ಪರಿಚಿತರೊಬ್ಬರು ಸಣ್ಣ ಕ್ಯಾಂಟೀನೊಂದನ್ನು ಪಾಲಿನಲ್ಲಿ ನಡೆಸೋಣವೆಂದಾಗ, ಕೂಡಿಟ್ಟ ಹಣವನ್ನೆಲ್ಲ ಅವರ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿ ಟೈಪಾಗಿದ್ದ ಕರಾರು ಪತ್ರಕ್ಕೆ ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ಎರಡು ವರ್ಷಗಳ ಬಳಿಕ ನನ್ನ ಪಾಲನ್ನು ಕೇಳಿದಾಗ ಅದೇ ಪತ್ರವನ್ನು ನನ್ನ ಮುಂದೆ ಹಿಡಿದರು. ಅದರ ಪ್ರಕಾರ ನಾನು ಪಾಲುದಾರನೇ ಅಲ್ಲ, ತಿಂಗಳ ಸಂಬಳದ ಆಳು. ಇದನ್ನು ನಿನ್ನ ಅಜ್ಜಿಗೆ ಅವರು ಇರುವ ತನಕ ನಾನು ಹೇಳಲಿಲ್ಲ.

ಆ ವರ್ಷವೇ ಕನ್ನಡದ ರಾತ್ರಿ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ನಮ್ಮ ಕರಾವಳಿಯ ಹುಡುಗರು ಇಲ್ಲಿ ಎಷ್ಟೋ ಜನ. ಬ್ಯಾಂಕು, ವಕೀಲಿಕೆ ಎಂದು ಮುಂದೆ ಹೋದವರು ಅವರಲ್ಲೇ ಇದ್ದಾರೆ. ನಿದ್ದೆಗಣ್ಣಿನಲ್ಲಿ ಕೂತ ನಮ್ಮನ್ನು ಗದರಿಸದೆ, ಒಂದು ಪುಟವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿಸಿ, ತಿಳಿಯದ ಕಡೆ ನಿಂತು ಕೇಳುವ ಅಭ್ಯಾಸ ಮಾಡಿಸಿದ ಮೇಷ್ಟರನ್ನು ನಾನು ಇಂದಿಗೂ ನೆನೆಯುತ್ತೇನೆ. 1984ರಲ್ಲಿ ಹತ್ತನೇ ತರಗತಿ ಪಾಸಾದಾಗ ನನಗೆ 27 ವರ್ಷ. ನೀನು ನೋಡಿರುವ ಹೋಟೆಲು ಅದರ ಅನಂತರದ್ದು, ಮತ್ತು ಅದರ ಕರಾರನ್ನು ನಾನು ಮೂರು ಸಲ ಓದಿದ ಮೇಲೆಯೇ ಸಹಿ ಹಾಕಿದೆ.

ಶಾಲೆ ಮುಗಿಸದೆ ದೊಡ್ಡವರಾದವರ ಹೆಸರುಗಳನ್ನು ನೀನು ಹೇಳಬಹುದು, ನಾನೂ ಹೇಳಬಲ್ಲೆ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಪಾಸಾದವರಲ್ಲ. ಆದರೂ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಲಿಟ್. ಪದವಿ ನೀಡಿ ಗೌರವಿಸಿತು. ಆದರೆ ಅವರು ಓದನ್ನು ಬಿಟ್ಟವರಲ್ಲ, ಪರೀಕ್ಷೆಯನ್ನು ಬಿಟ್ಟು ಓದನ್ನು ಜೀವಮಾನವಿಡೀ ಹಿಡಿದವರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆಯೇ ಕಾಡಿನ ಗಿಡಮರಗಳನ್ನು ಬಲ್ಲವರಾಗಿದ್ದರು, ಪದ್ಮಶ್ರೀಯನ್ನೂ ಪಡೆದರು. ಆದರೆ ಅಷ್ಟು ಬಲ್ಲ ಆ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದರೆಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅವರಿಗೆ ಜ್ಞಾನದ ಕೊರತೆ ಇರಲಿಲ್ಲ, ಆ ಜ್ಞಾನಕ್ಕೆ ಬೆಲೆ ಕಟ್ಟುವ ಕಾಗದ ಇರಲಿಲ್ಲ. ಇನ್ನು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವನ್ನು ಮನಸ್ಸಿನಲ್ಲಿಟ್ಟುಕೊಂಡು, ತಮ್ಮ ಗಳಿಕೆಯಲ್ಲಿ ಉಳಿಸಿದ್ದನ್ನು ಊರಿನ ಶಾಲೆಗೆ ಸುರಿದರು. ಓದಿಲ್ಲದೆಯೂ ಬದುಕಿದೆನಲ್ಲ ಎಂದು ಅವರು ಸುಮ್ಮನಾಗಲಿಲ್ಲ.

ಈಗ ನಿನ್ನ ವೈರಿಂಗ್ ಕೆಲಸದ ವಿಚಾರ. ಕೆಲಸ ಒಳ್ಳೆಯದೇ, ಅದರಲ್ಲಿ ಯಾವ ಕೀಳೂ ಇಲ್ಲ. ಆದರೆ ಹೊಸ ಮನೆಗೆ ಕರೆಂಟು ಬರಬೇಕಾದರೆ ವೈರಿಂಗ್ ಮುಗಿದ ವರದಿಗೆ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕು. ಬೆಂಗಳೂರಿನ ಬೆಸ್ಕಾಂ ಇರಲಿ, ನಮ್ಮ ಕಡೆಯ ಮೆಸ್ಕಾಂ ಇರಲಿ, ಕೇಳುವುದು ಅದನ್ನೇ. ಗೋಡೆ ಕೊರೆದು ಪೈಪು ಹಾಕಿ ತಂತಿ ಎಳೆಯುವವನು ನೀನು, ಬಂದು ಸಹಿ ಹಾಕಿ ಹಣ ಎಣಿಸಿಕೊಳ್ಳುವವನು ಇನ್ನೊಬ್ಬ. ಹತ್ತು ವರ್ಷ ಕಳೆದು ಕೈ ಎಷ್ಟೇ ಪಳಗಿದರೂ ಲೈಸೆನ್ಸ್ ಇಲ್ಲದೆ ಆ ಸಹಿ ನಿನ್ನದಾಗುವುದಿಲ್ಲ.

ಪಿಯುಸಿಯ ವಿಜ್ಞಾನ ನಿನಗೆ ಹಿಡಿಸದಿದ್ದರೆ ಬಿಡು, ನಾನೇ ಅಕ್ಕನನ್ನು ಒಪ್ಪಿಸುತ್ತೇನೆ. ಹತ್ತನೇ ತರಗತಿ ಪಾಸಾಗಿರುವ ನೀನು ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸಿಗೆ ಸೇರಬಹುದು. ಅದು ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರವಾಗಿ ಪ್ರವೇಶವಿದೆ, ಡಿಪ್ಲೊಮಾದ ನಂತರ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಹೋಗುವ ದಾರಿಯೂ ಇದೆ. ಅಷ್ಟು ದೂರ ಹೋಗಲೇಬೇಕೆಂದು ನಾನು ಹೇಳುವುದಿಲ್ಲ. ರಜೆಯಲ್ಲಿ ಬೇಕಿದ್ದರೆ ಬೆಂಗಳೂರಿಗೆ ಹೋಗಿ ಕೆಲಸ ನೋಡಿ ಬಾ. ನಾನು ಮಾತ್ರ ದಿನವಿಡೀ ದುಡಿದ ಮೈಯಲ್ಲಿ ರಾತ್ರಿ ಪುಸ್ತಕ ಹಿಡಿದವನು, ಆ ಆಯಾಸ ನಿನಗೆ ಬೇಡವೆಂಬ ಆಸೆ ನನ್ನದು.

ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಅರ್ಜಿ ಯಾವಾಗ ಕೊಡುತ್ತಾರೆಂದು ವಿಚಾರಿಸು. ಫೀಸಿನ ಚಿಂತೆ ನನಗಿರಲಿ, ಭಾವನಲ್ಲಿ ಆ ಮಾತು ಎತ್ತಬೇಡ. ಬರುವ ಭಾನುವಾರ ನೀನೇ ಫೋನು ಮಾಡು.

ಇತಿ,
ನಿನ್ನ ಮಾವ